ಕುಯ್ಲಿನ ತಿಂಗಳ ಪುಟಗಳು

ಡಿಸೆಂಬರ್ 9, ರಾತ್ರಿ

ಅರ್ಜಿ ಅರ್ಧಕ್ಕೆ ನಿಂತಿದೆ. ಚಿತ್ರದ ಹೆಸರು: ಹಾಜರಿ. ಭಾಷೆ: ಕನ್ನಡ. ಅವಧಿ: 84 ನಿಮಿಷ. ನಿರ್ದೇಶನ, ನಿರ್ಮಾಣ ಎರಡೂ ಕಡೆ ನನ್ನದೇ ಹೆಸರು. ಕಥಾಸಾರದ ಜಾಗ ಖಾಲಿ. ಬರೆಯೋದು, ಅಳಿಸೋದು. ಸಂಜೆಯಿಂದ ಇದೇ ಆಯ್ತು.

ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ. ಹೆಸರು ಎಷ್ಟೇ ದೊಡ್ಡದಿರಲಿ, ನನಗದು ಮನೆ ಹಬ್ಬದ ಹಾಗೆ. ಕಾಲೇಜಿನಲ್ಲಿದ್ದಾಗ ಪಾಸು ಕೊರಳಿಗೆ ಹಾಕಿಕೊಂಡು ಕ್ಯೂ ನಿಂತವಳು ನಾನು. ಏಷ್ಯಾದ ಚಿತ್ರಗಳಿಗೆ ಒಂದು ಸ್ಪರ್ಧೆ, ಭಾರತದ್ದಕ್ಕೆ ‘ಚಿತ್ರಭಾರತಿ’, ಕನ್ನಡಕ್ಕೇ ಅಂತ ಇನ್ನೊಂದು. ನಾನು ಕಳಿಸಬೇಕಿರೋದು ಆ ಮೂರನೆಯದಕ್ಕೆ.

ಹೊರದೇಶದ ಉತ್ಸವಗಳಿಗೆ ಕಳಿಸುವಾಗ ಹೀಗೆ ಆಗಿರಲಿಲ್ಲ. ಡಾಲರಿನಲ್ಲಿ ಫೀಸು ಕಟ್ಟಿದೆ, ಲಿಂಕ್ ಅಂಟಿಸಿದೆ, ಮಲಗಿದೆ. ನಿದ್ದೆಯೂ ಬಂತು.

ಡಿಸೆಂಬರ್ 10

ಮಾವನ ಫೋನು. ರೈಟ್ರ ಮಗಳಿಗೆ ಹೆರಿಗೆಯಂತೆ, ಅವರು ಊರಿಗೆ ಹೋಗಿದ್ದಾರೆ. ಅರೇಬಿಕಾ ಕುಯ್ಲು ಜೋರಾಗಿದೆ, ಲೆಕ್ಕ ಬರೆಯೋರಿಲ್ಲ. ‘ಮೂಡಿಗೆರೇಲಿ ಕೂತ್ಕಂಡು ಎಂತ ಮಾಡ್ತೀಯ ಮಾರಾಯ್ತಿ? ಬಾ ಇಲ್ಲಿ, ಸಂಜೆ ತೂಕ ಬರ್ಕಂಡಿರು.’

ಅಮ್ಮ: ‘ಹೋಗು. ಶೂಟಿಂಗ್ ಟೈಮಲ್ಲಿ ಅವನು ಮಾಡಿದ್ದು ಕಮ್ಮಿಯಾ?’

ಕಮ್ಮಿಯಲ್ಲ. ಜಡಿ ಮಳೆಯಲ್ಲಿ ಇಡೀ ತಂಡಕ್ಕೆ ಊಟ. ಜನರೇಟರು, ಜೀಪು, ಖಾಲಿ ಬಿದ್ದಿದ್ದ ಕೂಲಿಯವರ ಲೈನ್ ಮನೆ. ಒಂದು ರೂಪಾಯಿ ಮುಟ್ಟಲಿಲ್ಲ. ‘ಎಂತ ಕಥೆ?’ ಅಂತ ಒಂದೇ ಸಲ ಕೇಳಿದ್ದರು. ‘ತೋಟದ ಕಥೆ ಮಾವ’ ಅಂದಿದ್ದೆ. ಅಷ್ಟು ಸಾಕಾಯ್ತು ಅವರಿಗೆ.

ಡಿಸೆಂಬರ್ 11, ರಾತ್ರಿ 9

ಕೊಟ್ಟಿಗೆಹಾರದವರೆಗೆ ಬಸ್ಸು, ಅಲ್ಲಿಂದ ಕಳಸದ ದಾರಿಯಲ್ಲಿ ಮಾವನ ಜೀಪು. ತೋಟ ಹಿರೇಬೈಲಿನ ಈಚೆ.

ಐದು ಗಂಟೆಗೆ ಕಣದ ಅಂಚಲ್ಲಿ ಮೇಜು ಹಾಕಿದರು. ಮೇಲೆ ತಕ್ಕಡಿ, ಕೆಳಗೆ ಟಾರ್ಪಾಲು. ಗೊಬ್ಬರದ ಚೀಲಗಳಲ್ಲಿ ಹಣ್ಣು ಹೊತ್ತು ಒಬ್ಬೊಬ್ಬರಾಗಿ ಬಂದರು. ಮೇಸ್ತ್ರಿ ಚೀಲ ಕೊಕ್ಕೆಗೆ ಹಾಕಿ ಕೂಗುತ್ತಾನೆ, ನಾನು ಬರೆಯುತ್ತೇನೆ. ಅರವತ್ತೆರಡು. ನಲವತ್ತೆಂಟೂವರೆ. ಎಪ್ಪತ್ತು. ಆಮೇಲೆ ಟಾರ್ಪಾಲಿನ ಮೇಲೆ ಸುರಿದು ಹಸಿರು ಕಾಯಿ ಆರಿಸಬೇಕು. ಕಾಯಿ ಜಾಸ್ತಿ ಇದ್ದರೆ ಬೈಗುಳ.

‘ಚೀಲಕ್ಕೆ ಒಂದು ಕೆಜಿ ಕಳಿ’ ಅಂದರು ಮಾವ, ಹಿಂದಿನಿಂದ.

ಕಳೆದೆ.

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ನಮ್ಮ ಕಡೆಯವರಿಗೆ ಹೆಸರಿದೆ. ಉಳಿದವರಿಗೆ ರೈಟ್ರು ಅಸ್ಸಾಂ 1, ಅಸ್ಸಾಂ 2, ಅಸ್ಸಾಂ 3 ಅಂತ ಹಾಕಿದ್ದಾರೆ.

ನನ್ನ ಚಿತ್ರದಲ್ಲಿ ಹಾಜರಿ ಪುಸ್ತಕದ ಹದಿಮೂರು ಶಾಟ್‌ಗಳಿವೆ. ಈ ಪುಟ ಇಲ್ಲ.

ಡಿಸೆಂಬರ್ 12, ಬೆಳಗಿನ ಜಾವ

ನಿದ್ದೆ ಇಲ್ಲ. ಅಟ್ಟದ ಕಿಟಕಿ ಹತ್ತಿರ ಮಾತ್ರ ಸಿಗ್ನಲ್. ವಿಮಿಯೋ ತೆಗೆದು ಅಂಕಿಅಂಶ ನೋಡಿದೆ. ಹೋದ ತಿಂಗಳು ‘ವಿಷಾದಿಸುತ್ತೇವೆ’ ಅಂತ ಪತ್ರ ಬರೆದ ಉತ್ಸವದ ಕಡೆಯಿಂದ ಒಂದೇ ಒಂದು ಪ್ಲೇ. 11 ನಿಮಿಷ ನೋಡಿದ್ದಾರೆ. ಹನ್ನೊಂದನೇ ನಿಮಿಷದಲ್ಲಿ ಚಿತ್ರದ ಅಜ್ಜಿ ಇನ್ನೂ ಇಂಬಳ ಕಿತ್ತು ಸುಣ್ಣ ಹಚ್ಚುತ್ತಿದ್ದಾಳೆ. ಕಥೆ ಶುರುವೇ ಆಗಿರಲ್ಲ.

‘ಈ ವರ್ಷ ಎಂದೂ ಬಾರದಷ್ಟು ಚಿತ್ರಗಳು ಬಂದಿದ್ದವು’ ಅಂತ ಪತ್ರದಲ್ಲಿತ್ತು. ಎಲ್ಲರೂ ಎಲ್ಲ ವರ್ಷವೂ ಬರೆಯೋದು ಅದನ್ನೇ. ಬೇಜಾರಾಗಿದೆ ಅಂತ ಬರೆಯೋಣ ಅಂದುಕೊಂಡೆ. ಆದರೆ ಒಳಗೆ ಒಂದು ಥರ ಹಗುರ. ಅದು ಯಾಕೆ?

ಡಿಸೆಂಬರ್ 14

ಹಾರ್ಡ್ ಡಿಸ್ಕ್ ಕೊರಿಯರ್ ಮಾಡಲು ಚಿಕ್ಕಮಗಳೂರಿಗೆ ಹೋಗಬೇಕಿತ್ತು. ದತ್ತ ಜಯಂತಿ ಬಂದೋಬಸ್ತು, ಎಲ್ಲ ಕಡೆ ಪೊಲೀಸು, ತಪಾಸಣೆ. ‘ಎರಡು ದಿನ ಬಿಟ್ಟು ಹೋಗು’ ಅಂದರು ಮಾವ. ಬಿಟ್ಟೆ. ತಡಮಾಡಲು ಒಂದು ಒಳ್ಳೆ ಕಾರಣ.

ಸಂಜೆ ತೂಕ. ಅಸ್ಸಾಂ 4ರ ಹೆಸರು ಕೇಳಿ ಬರೆದೆ. ಅವನಿಗೆ ಗಾಬರಿಯಾಯ್ತು. ಹೆಸರು ಕೇಳಿದರೆ ಏನೋ ದೂರು ಬಂದಿದೆ ಅಂತ ಅರ್ಥ ಇರಬೇಕು ಇಲ್ಲಿ.

ಡಿಸೆಂಬರ್ 15, ರಾತ್ರಿ

ಎಡಿಟರ್ ಜೊತೆ ಉದ್ದ ಮಾತು. ಅವನಿಗೆ ಬೈಯಲು ಹಕ್ಕಿದೆ, ದುಡ್ಡು ಪೂರ್ತಿ ಕೊಟ್ಟಿಲ್ಲ ನಾನು.

‘ಬೆಂಗಳೂರಲ್ಲಿ ತೋರಿಸಿಬಿಟ್ರೆ ವರ್ಲ್ಡ್ ಪ್ರೀಮಿಯರ್ ಹೋಯ್ತಲ್ಲ’ ಅಂದೆ.

‘ಹೋಗ್ಲಿ. ಇಂಟರ್‌ನ್ಯಾಶನಲ್ ಪ್ರೀಮಿಯರ್ ಇರುತ್ತಲ್ಲ. ದೇಶದ ಹೊರಗೆ ಮೊದಲ ಸಲ ತೋರಿಸ್ತಿದೀವಿ ಅಂದ್ರೆ ಬಹಳ ಕಡೆ ಒಪ್ತಾರೆ.’

‘ತಿಥಿ ಮೊದಲು ಹೋಗಿದ್ದು ಲೊಕಾರ್ನೊಗೆ. 2015ರಲ್ಲಿ ಅಲ್ಲಿ ಗೆದ್ದ ಮೇಲೆ, 2016ರಲ್ಲಿ ಇಲ್ಲಿ ಬಿಡುಗಡೆ. ಶಿವಮ್ಮ 2022ರಲ್ಲಿ ಬೂಸಾನಲ್ಲಿ ಪ್ರಶಸ್ತಿ ತಗೊಂಡ ಮೇಲೇ ತಾನೆ ಇಲ್ಲಿ ಜನಕ್ಕೆ ಗೊತ್ತಾಗಿದ್ದು?’

‘ಪೆದ್ರೊ?’ ಅಂದ.

ಸುಮ್ಮನಾದೆ. 2021ರಲ್ಲಿ ಬೂಸಾನಿಗೆ ಹೋದ ಪೆದ್ರೊ ಮರುವರ್ಷ ಬೆಂಗಳೂರಿನ ಉತ್ಸವದಲ್ಲಿ ಇರಲಿಲ್ಲ. ಆಗ ಎಷ್ಟೊಂದು ಚರ್ಚೆಯಾಗಿತ್ತು. ಹೊರಗೆ ಗೆದ್ದರೆ ಒಳಗೆ ಬಾಗಿಲು ತಾನೇ ತೆರೆಯುತ್ತೆ ಅಂತ ಏನೂ ಇಲ್ಲ.

‘ಪ್ರೀಮಿಯರ್ ಅಲ್ಲ ನಿಂಗೆ. ಬೇರೆ ಏನೋ ಇದೆ. ಅದನ್ನ ಹೇಳು.’

ನೆಟ್‌ವರ್ಕ್ ಹೋಯ್ತು ಅಂದು ಇಟ್ಟೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಡಿಸೆಂಬರ್ 17

ಬರೆದುಬಿಡುತ್ತೇನೆ. ಇದನ್ನು ಯಾರೂ ಓದಲ್ಲ.

ಐವತ್ತೆರಡನೇ ನಿಮಿಷ. ಮಳೆ ಬಿಟ್ಟ ಹೊತ್ತು. ಜೀಪು ಲೈನ್ ಮನೆ ಮುಂದೆ ನಿಲ್ಲುತ್ತದೆ. ಸಾಹುಕಾರರು ಇಳಿಯುವುದಿಲ್ಲ. ಅಜ್ಜಿ ಹೊರಗೆ ಬರುತ್ತಾಳೆ. ಹಣ್ಣು ಕುಯ್ಯಲು ಕೈ ಬಾರದೆ ಅವಳ ಹೆಸರನ್ನು ಹಾಜರಿಯಿಂದ ತೆಗೆದು ಆಗಲೇ ಮೂರು ತಿಂಗಳು. ಆದರೂ ದಿನಾ ಬೆಳಗ್ಗೆ ಹಾಜರಿಗೆ ಬಂದು ನಿಲ್ಲುತ್ತಾಳೆ, ರೈಟರ್ ಅವಳನ್ನು ದಾಟಿ ಮುಂದಿನ ಹೆಸರು ಕೂಗುತ್ತಾನೆ. ಸಾಹುಕಾರರು ಮೊದಲು ಅವಳ ಮಂಡಿನೋವು ವಿಚಾರಿಸುತ್ತಾರೆ. ಮಗಳ ಊರು ಕೇಳುತ್ತಾರೆ. ನಿಜವಾಗಿಯೂ ಒಳ್ಳೆಯ ದನಿ. ಆಮೇಲೆ, ‘ಕುಯ್ಲಿಗೆ ಜನ ಬರ್ತಾರಲ್ಲ, ಮನೆ ಬೇಕಾಗ್ತದೆ’ ಅನ್ನುತ್ತಾರೆ. ಜೇಬಿನಿಂದ ಮಡಚಿದ ನೋಟು ತೆಗೆದು, ‘ಇದಿಟ್ಕ, ಐನೂರಿದೆ.’ ಏಳು ನಿಮಿಷ, ಒಂದೇ ಶಾಟು.

ಆ ಮಾತುಗಳನ್ನು ನಾನು ಬರೆದಿಲ್ಲ. ಕೇಳಿಸಿಕೊಂಡಿದ್ದು. ಹತ್ತು ವರ್ಷದವಳು ಜೀಪಿನ ಹಿಂದೆ ಕೂತಿದ್ದೆ, ಮಡಿಲಲ್ಲಿ ಕಿತ್ತಳೆ ಚೀಲ. ಚಿತ್ರದಲ್ಲೂ ಅದೇ ಲೈನ್ ಮನೆ. ಅದೇ ಜೀಪಲ್ಲ, ಅದರ ಮುಂದಿನದು.

ಪಾತ್ರ ಮಾಡಿದವರು ಮೂಡಿಗೆರೆಯ ಹವ್ಯಾಸಿ ನಾಟಕದವರು. ಮಾವನನ್ನು ಅವರು ನೋಡಿದ್ದು ಶೂಟಿಂಗಿನ ದಿನಗಳಲ್ಲಿ ಮಾತ್ರ. ಎಡಗೈಯಲ್ಲಿ ಮೀಸೆ ನೀವುವುದನ್ನು ಅವರೇ ಎತ್ತಿಕೊಂಡರು. ನಾನು ಬೇಡ ಅನ್ನಲಿಲ್ಲ.

ಡಿಸೆಂಬರ್ 18

ಬೂಸಾನಿನಲ್ಲೋ ರಾಟರ್‌ಡ್ಯಾಮಿನಲ್ಲೋ ಪರದೆ ಮೇಲೆ ಬಂದರೆ ಆ ಸಾಹುಕಾರ ಒಬ್ಬ ಪ್ಲಾಂಟರ್. ಬೆಂಗಳೂರಿನಲ್ಲಿ ಬಂದರೆ ಮಾವ. ಸಭಾಂಗಣದಲ್ಲಿ ಕಡೇಪಕ್ಷ ಹತ್ತು ಜನ ನಮ್ಮ ಕಡೆಯವರಿರುತ್ತಾರೆ. ಬಾಳೆಹೊನ್ನೂರಿನವರು, ಆಲ್ದೂರಿನವರು, ಯಾರದ್ದೋ ಸೊಸೆ, ಯಾರದ್ದೋ ಭಾವಮೈದ. ಅವರಿಗೆ ಸಬ್‌ಟೈಟಲ್ ಬೇಕಿಲ್ಲ.

ದೂರದ ಉತ್ಸವಕ್ಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳ್ತಾರೆ. ಉಲ್ಟಾ. ಅಲ್ಲಿಯವರಿಗೆ ಇಷ್ಟವಾಗದೆ ಹೋಗಬಹುದು, ಅಷ್ಟೆ. ಇಲ್ಲಿಯವರಿಗೆ ಅರ್ಥವಾಗಿಬಿಡುತ್ತೆ.

ಡಿಸೆಂಬರ್ 19, ಮಧ್ಯಾಹ್ನ

ಕೊಟ್ಟಿಗೆಹಾರ. ನೀರುದೋಸೆ ತಿಂದು ತೇಜಸ್ವಿ ಪ್ರತಿಷ್ಠಾನಕ್ಕೆ ಹೋಗಿ ಕೂತೆ. ಈ ಸುತ್ತಿನಲ್ಲಿ ಕ್ಯಾಮೆರಾ ಹಿಡಿದವರು ಯಾರೂ ತೇಜಸ್ವಿಯನ್ನು ದಾಟಿ ಹೋಗೋಕಾಗಲ್ಲ. ಕಾಸರವಳ್ಳಿಯವರು ‘ತಬರನ ಕಥೆ’ ಮಾಡಿದ್ದು 1986ರಲ್ಲಿ. ಮೊನ್ನೆ 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ತೇಜಸ್ವಿಯ ಓದುಗರೇ ದುಡ್ಡು ಹಾಕಿದರು. ನಡುವೆ ‘ಕುಬಿ ಮತ್ತು ಇಯಾಲ’, ‘ಕಿರಗೂರಿನ ಗಯ್ಯಾಳಿಗಳು’.

ನನ್ನ ಅಜ್ಜಿ ತಬರನ ತಂಗಿಯೇನೋ ಅನ್ನಿಸುತ್ತೆ ಒಮ್ಮೊಮ್ಮೆ. ಅವನು ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ. ಇವಳು ಹಾಜರಿಗೆ ಬಂದು ನಿಂತಳು. ನೋಡಿದವರು ಅದನ್ನೇ ಹೇಳ್ತಾರೆ. ಹೇಳಲಿ. ಒಂದು ವ್ಯತ್ಯಾಸ ಇದೆ. ತಬರನನ್ನು ಅಲೆಸಿದ್ದು ಸರ್ಕಾರ. ಕಚೇರಿಯನ್ನು ಬೈದರೆ ಯಾರ ಮನೆಯ ಮದುವೆಗೂ ಹೋಗದೆ ಇರಬೇಕಾಗಿಲ್ಲ.

1951ರ ಪ್ಲಾಂಟೇಶನ್ ಲೇಬರ್ ಆ್ಯಕ್ಟು ತೋಟದಲ್ಲಿರುವ ಕೆಲಸಗಾರರಿಗೆ ಮನೆ ಕೊಡೋದು ಮಾಲೀಕರ ಹೊಣೆ ಅನ್ನುತ್ತಿತ್ತು. ಕೆಲಸ ಮುಗಿದ ಮೇಲೆ ಆ ಮನೆ ಯಾರದು ಅಂತ ಮಾವನನ್ನು ಕೇಳಿದರೆ ಅವರಿಗೂ ಉತ್ತರ ಇಲ್ಲ. ಸೈಟು ಕೊಡಬೇಕಾದ್ದು ಪಂಚಾಯಿತಿ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಡಿಸೆಂಬರ್ 21

ಕಳಸಕ್ಕೆ ಹೋಗಿ ಬಂದೆ, ಅಜ್ಜಿಯನ್ನು ನೋಡಲು. ಪಾತ್ರ ಮಾಡಿದ ಅಜ್ಜಿ. ಬೇರೆ ತೋಟದಲ್ಲಿ ನಲವತ್ತು ವರ್ಷ ದುಡಿದು ಈಗ ಮಗಳ ಜೊತೆ ಇದ್ದಾರೆ, ಹೊರನಾಡಿನ ದಾರಿಯಲ್ಲಿ. ಹೆಬ್ಬಾಳೆ ಸೇತುವೆ ದಾಟುವಾಗ ಭದ್ರೆ ಕೆಳಗೆಲ್ಲೋ ಬಂಡೆಗಳ ಸಂದಿಯಲ್ಲಿ ಹರೀತಿತ್ತು. ನಾವು ಶೂಟ್ ಮಾಡಿದಾಗ ಸೇತುವೆಯೇ ಕಾಣುತ್ತಿರಲಿಲ್ಲ.

ಲ್ಯಾಪ್‌ಟಾಪಲ್ಲಿ ಚಿತ್ರ ತೋರಿಸಿದೆ. ತನ್ನನ್ನು ನೋಡಿ ನಕ್ಕರು. ಹಾಜರಿಯ ದೃಶ್ಯಕ್ಕೂ ನಕ್ಕರು. ಜೀಪಿನ ದೃಶ್ಯಕ್ಕೆ ನಗಲಿಲ್ಲ, ‘ಪಾಪ, ಇವ್ರು ಒಳ್ಳೆಯವ್ರು’ ಅಂದರು. ಸಾಹುಕಾರರ ಬಗ್ಗೆ.

ಆಮೇಲೆ ಕಾಫಿ ಕೊಟ್ಟು, ಮಗಳು ಒಳಗೆ ಹೋದ ಹೊತ್ತು ನೋಡಿ:

‘ಸಣ್ಣಮ್ಮ, ಬೆಂಗ್ಳೂರಲ್ಲಿ ತೋರ್ಸ್ತೀರಾ?’

‘ಇನ್ನೂ ಗೊತ್ತಿಲ್ಲಜ್ಜಿ.’

‘ತೋರ್ಸಿ. ಆದ್ರೆ ನನ್ ಹೆಸ್ರು ಹಾಕ್ಬೇಡಿ.’

ಮೊಮ್ಮಗನಿಗೆ ಬೆಂಗಳೂರಿನ ಕಡೆ ಹೆಣ್ಣು ಗೊತ್ತಾಗಿದೆಯಂತೆ. ಬೀಗರಿಗೆ ಅಜ್ಜಿ ಲೈನ್ ಮನೆಯಲ್ಲಿ ಇದ್ದವಳು ಅಂತ ಹೇಳಿಲ್ಲವಂತೆ. ‘ನಮ್ದೂ ಸ್ವಲ್ಪ ತೋಟ ಇತ್ತು ಅಂತ ಹೇಳವ್ರೆ. ಮುಖ ಗುರ್ತು ಸಿಗಲ್ಲ ಬಿಡಿ, ಅದ್ರಲ್ಲಿ ನಾನು ತುಂಬಾ ಮುದ್ಕಿ ಥರ ಇದೀನಿ. ಹೆಸ್ರು ಮಾತ್ರ ಬೇಡ.’

ಹೆಸರು ಹೊಡೆದುಹಾಕಿದ್ದಕ್ಕೇ ಚಿತ್ರ ಮಾಡಿದವಳು ನಾನು. ಈಗ ನಾನೇ ಹೊಡೆದುಹಾಕಬೇಕು, ಅವಳೇ ಕೇಳಿದ್ದಾಳೆ.

ಹೂಂ ಅಂದೆ.

ಡಿಸೆಂಬರ್ 23

ಚೀಲ ತೂಗಿದೆ. ಬರೀ ಚೀಲ, ಖಾಲಿದು. ಅಡುಗೆಮನೆ ತಕ್ಕಡಿಯಲ್ಲಿ. ನೂರಾ ಮೂವತ್ತು ಗ್ರಾಂ.

ಮಾವನಿಗೆ ಹೇಳಿದೆ. ನಕ್ಕರು. ‘ಚೀಲದ್ದಲ್ಲ ಅದು. ಮಂಜಿನ ನೀರು. ಬೆಳಗ್ಗೆ ಕುಯ್ದಿದ್ದು ಒದ್ದೆ ಇರ್ತದೆ ಅಲ್ವಾ?’ ಇರುತ್ತೆ. ಸಂಜೆ ಐದಕ್ಕೂ ಇರುತ್ತಾ ಅಂತ ಕೇಳಲಿಲ್ಲ.

ಇವತ್ತು ಅರ್ಧ ಕೆಜಿ ಕಳೆದೆ. ಮೇಸ್ತ್ರಿ ನನ್ನ ಮುಖ ನೋಡಿದ. ಅವನು ಹೇಳ್ತಾನೆ, ನಾಳೆಯೇ ಹೇಳ್ತಾನೆ.

ಡಿಸೆಂಬರ್ 24, ರಾತ್ರಿ

ಲೆಕ್ಕ. ಆಯ್ಕೆಯಾದರೆ ಡಿಸಿಪಿ, ಅಂದರೆ ಥಿಯೇಟರಿನ ಡಿಜಿಟಲ್ ಪ್ರತಿ, ಮಾಡಿಸಬೇಕು. ಸೌಂಡ್ ಹುಡುಗನಿಗೆ ಬಾಕಿ. ಎಡಿಟರಿಗೆ ಬಾಕಿ. ಉತ್ಸವಕ್ಕಾದರೆ ಸೆನ್ಸಾರ್ ಇಲ್ಲದೆಯೂ ಕೇಂದ್ರದ ವಿನಾಯಿತಿಯ ಮೇಲೆ ನಡೆಯುತ್ತೆ. ಆದರೆ ಸರ್ಕಾರದ ಸಬ್ಸಿಡಿ, ರಾಜ್ಯ ಪ್ರಶಸ್ತಿ ಅಂತ ಆಸೆ ಇದ್ದರೆ ಪ್ರಮಾಣಪತ್ರ ಬೇಕೇ ಬೇಕು. ಸಬ್ಸಿಡಿ ಬಂದರೆ ಎಲ್ಲರ ಬಾಕಿ ತೀರುತ್ತೆ. ಬಂದರೆ.

ಇನ್ನು ಸೌಂಡು. ಮೂವತ್ತನಾಲ್ಕನೇ ನಿಮಿಷದಲ್ಲಿ ಜನರೇಟರಿನ ಗುಂಯ್ ಇದೆ. ಮನೆಯಲ್ಲಿ ಕೇಳಲ್ಲ, ಥಿಯೇಟರಿನಲ್ಲಿ ಕೇಳುತ್ತೆ. ಸಿಳ್ಳಾರ ಹಕ್ಕಿಯ ದನಿ ಹಾಕಿ ಮುಚ್ಚೋಣ ಅಂದ ಸೌಂಡ್ ಹುಡುಗ. ಆ ಹೊತ್ತಿಗೆ ಆ ಹಕ್ಕಿ ಕೂಗಲ್ಲ. ಬೆಂಗಳೂರಿನವರಿಗೆ ಗೊತ್ತಾಗಲ್ಲ, ನಮ್ಮವರಿಗೆ ಗೊತ್ತಾಗುತ್ತೆ. ಮತ್ತೆ ಅದೇ.

ಡಿಸೆಂಬರ್ 26

ಮಳೆ! ಅಕಾಲದ ಮಳೆ. ಮಧ್ಯಾಹ್ನ ಮೂರಕ್ಕೆ ಕುದುರೆಮುಖದ ಕಡೆ ಕಪ್ಪಾಯ್ತು, ಮೂರೂಕಾಲಿಗೆ ಹನಿ. ಕಣದ ತುಂಬ ಒಣಹಾಕಿದ ಪಾರ್ಚ್‌ಮೆಂಟು ಕಾಫಿ. ಎಲ್ಲರೂ ಓಡಿದೆವು. ಅಮ್ಮನ ವಯಸ್ಸಿನವರು, ಅಸ್ಸಾಮಿನ ಹುಡುಗರು, ಮಾವ ಪಂಚೆ ಎತ್ತಿ ಕಟ್ಟಿ, ನಾನು ಬರಿಗಾಲಲ್ಲಿ. ಎಳೆದು ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಇಡುವಷ್ಟರಲ್ಲಿ ಜಡಿಯೇ ಹಿಡೀತು. ಎರಡು ಗುಡ್ಡೆ ನೆನೆದವು. ಈ ಸಲ ಕಾಫಿಗೆ ಯಾರೂ ಕಂಡಿರದ ರೇಟು. ನೆನೆದಿದ್ದಕ್ಕೆ ಆ ರೇಟಿಲ್ಲ. ಗಿಡದಲ್ಲಿ ಇರೋ ಹಣ್ಣೂ ಉದುರಿದವು.

ಮಾವ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಕಾಫಿ ತರಿಸಿದರು. ‘ಇವತ್ತು ಎಲ್ರಿಗೂ ಪೂರ್ತಿ ಹಾಜರಿ ಹಾಕು’ ಅಂದರು. ಹಾಕಿದೆ.

ಮೈಯೆಲ್ಲ ನೋವು. ಉತ್ಸವದ ನೆನಪೇ ಬರಲಿಲ್ಲ ಇವತ್ತು.

ಡಿಸೆಂಬರ್ 28, ರಾತ್ರಿ 12

ಮಾವನೇ ಕೇಳಿದರು. ‘ಆ ಸಿನಿಮಾ ಮುಗೀತಾ ಇಲ್ವಾ? ತೋರ್ಸು.’

ಟಿವಿಗೆ ಕೇಬಲ್ ಹಾಕಿದೆ. ಊಟ ಮುಗಿಸಿ ಅತ್ತೆ, ಮಾವ, ನಾನು. ಅತ್ತೆ ಇಪ್ಪತ್ತು ನಿಮಿಷಕ್ಕೆ ನಿದ್ದೆ ಹೋದರು. ಮಾವ ಅಲುಗಾಡಲಿಲ್ಲ.

‘ಸಿಲ್ವರ್ ಓಕ್ ಕೆಳ್ಗೆ ಅಷ್ಟು ಕಳೆ ಇತ್ತಾ ಆಗ?’

‘ಆ ಡ್ರೈವರ್ ಗೇರ್ ಹಾಕೋದು ಹಾಗಲ್ಲ.’

ಐವತ್ತೆರಡನೇ ನಿಮಿಷ. ನಾನು ಟಿವಿ ನೋಡಲಿಲ್ಲ, ಅವರ ಕೈ ನೋಡಿದೆ. ಎಡಗೈ ಮೀಸೆಗೆ ಹೋಯ್ತು. ಪರದೆಯ ಮೇಲೂ ಹೋಯ್ತು. ಅವರದು ಅರ್ಧಕ್ಕೇ ನಿಂತಿತು.

ಮುಗಿಯಿತು. ಹೆಸರುಗಳು ಬಂದವು. ‘ಕೃತಜ್ಞತೆಗಳು’ ಅನ್ನುವಲ್ಲಿ ಮೊದಲ ಹೆಸರು ಅವರದ್ದು. ಎದ್ದು ಹೋಗಿ ನೀರು ಕುಡಿದು ಬಂದರು. ನಿಂತೇ ಹೇಳಿದರು:

‘ಐನೂರಲ್ಲ. ಎರಡು ಸಾವಿರ ಕೊಟ್ಟಿದ್ದೆ ನಾನು.’

ಲೈಟು ಆರಿಸಿ ಮಲಗಲು ಹೋದರು.

ಡಿಸೆಂಬರ್ 29, ಬೆಳಗ್ಗೆ

ಏನೂ ಆಗದ ಹಾಗೆ ಕಡುಬು ತಿಂದರು. ಜೀಪು ಹತ್ತುವಾಗ ಮಾತ್ರ: ‘ಕಳ್ಸೋದಾದ್ರೆ ಕಳ್ಸು. ಅದೊಂದು ಸರಿ ಮಾಡಿ ಕಳ್ಸು.’

ಅವರು ಸಿಟ್ಟಾಗುತ್ತಾರೆ ಅಂತ ಸಿದ್ಧವಾಗಿದ್ದೆ. ಮನೆ ಖಾಲಿ ಮಾಡಿಸಿದ್ದರ ಬಗ್ಗೆ ಮಾತೇ ಇಲ್ಲ. ಅದು ಅವರಿಗೆ ತಪ್ಪಾಗಿ ಕಂಡಿಲ್ಲವಾ? ಅಥವಾ ಕಂಡಿದ್ದನ್ನು ದುಡ್ಡಿನ ಮಾತಿನಲ್ಲಿ ಹೇಳಿದರಾ? ಚಿತ್ರ ಅವರನ್ನು ತಟ್ಟಲೇ ಇಲ್ಲವಾದರೆ ನಾನು ಮಾಡಿದ್ದು ಏನು?

ರಾತ್ರಿ

ಅಟ್ಟದಲ್ಲಿ ಹಳೆಯ ಪುಸ್ತಕಗಳಿವೆ, ಕೆಂಪು ಬಟ್ಟೆಯ ರಟ್ಟಿನವು. ಆ ಮನೆ ಖಾಲಿ ಮಾಡಿಸಿದ ವರ್ಷದ್ದು ಸಿಕ್ಕಿತು. ಹಾಜರಿಯಲ್ಲಿ ಆ ನಿಜವಾದ ಅಜ್ಜಿಯ ಹೆಸರಿದೆ, ಸೆಪ್ಟೆಂಬರಿನವರೆಗೆ ಗುರುತುಗಳು, ಆಮೇಲೆ ನೀಲಿ ಶಾಯಿಯ ಉದ್ದ ಗೆರೆ. ನಗದು ಪುಸ್ತಕದಲ್ಲಿ ಆ ತಿಂಗಳ ಪುಟಗಳ ಅಂಚನ್ನು ಗೆದ್ದಲು ತಿಂದಿದೆ. ಅಂಚಿನಲ್ಲೇ ಮೊತ್ತ ಬರೆಯೋದು. ‘ಮುದುಕಿಗೆ ಕೈಗಡ’ ಅನ್ನುವವರೆಗೆ ಇದೆ, ಮುಂದೆ ಇಲ್ಲ.

ಕೈಗಡ ಅಂತೆ. ಸಾಲ.

ಡಿಸೆಂಬರ್ 30

ಎಡಿಟರಿಗೆ ಎಲ್ಲ ಹೇಳಿದೆ, ಈ ಸಲ ನೆಟ್‌ವರ್ಕ್ ಇಟ್ಟುಕೊಂಡೇ. ಅವನು ಶಾಟ್ ತೆಗೆದು ನೋಡಿದ. ಐನೂರಿದೆ ಅನ್ನುವಾಗ ಸಾಹುಕಾರರ ಮುಖ ಆಚೆ ತಿರುಗಿದೆ. ನೋಟು ಮಡಚಿದೆ, ಎಷ್ಟು ಅಂತ ಕಾಣಲ್ಲ. ‘ಒಂದು ಪದ ಡಬ್ ಮಾಡಿಸಿದ್ರೆ ಆಯ್ತು. ಒಂದು ಗಂಟೆ ಕೆಲಸ. ಮಾಡ್ಲಾ?’

ಕಷ್ಟವಾಗಿದ್ದಿದ್ದರೆ ಒಳ್ಳೆಯದಿತ್ತು.

ಐನೂರು ಅಂದರೆ ನೋಡುವವರಿಗೆ ತಕ್ಷಣ ಸಿಟ್ಟು ಬರುತ್ತೆ. ಆ ಕಾಲಕ್ಕೆ ಎರಡು ಸಾವಿರ ಅಂದರೆ ಸಣ್ಣ ಮೊತ್ತವಲ್ಲ, ಎಷ್ಟೋ ದಿನದ ಕೂಲಿ. ಆಗ ಆ ದೃಶ್ಯ ಇನ್ನೂ ಕೆಟ್ಟದಾಗುತ್ತಾ, ಒಳ್ಳೆಯದಾಗುತ್ತಾ? ಅಷ್ಟು ಕೊಟ್ಟವರೂ ಮನೆ ಬಿಡಿಸಿದರು ಅಂದರೆ ಅದೇ ಗಟ್ಟಿ ದೃಶ್ಯ ಅನ್ನಿಸುತ್ತೆ ಒಂದು ಕ್ಷಣ. ಮರುಕ್ಷಣ, ಮಾವನಿಗೆ ಹೆದರಿ ಗಟ್ಟಿ ಅನ್ನುತ್ತಿದ್ದೀಯ ಅನ್ನಿಸುತ್ತೆ.

ಅಮ್ಮನಿಗೆ ಫೋನ್ ಮಾಡಿದೆ. ಆವತ್ತು ಎಷ್ಟು ಕೊಟ್ಟಿದ್ದು? ‘ನನ್ನ ಕೇಳ್ಬೇಡ. ಅಣ್ಣ ಹೇಳಿದ್ದೇ ಇರ್ಬೇಕು’ ಅಂದು ಇಟ್ಟುಬಿಟ್ಟಳು.

ಡಿಸೆಂಬರ್ 31

ರೈಟ್ರು ವಾಪಸ್ ಬಂದರು, ಮೊಮ್ಮಗಳು ಹುಟ್ಟಿದ ಸಿಹಿಯೊಂದಿಗೆ. ಪುಸ್ತಕ ಒಪ್ಪಿಸಿದೆ. ಪುಟ ತಿರುವುತ್ತ, ‘ಹೆಸ್ರೆಲ್ಲ ಬರ್ದಿದೀರಲ್ಲ’ ಅಂದರು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಇವತ್ತಿನ ತೂಕ ಅವರೇ ಬರೆದರು. ಪಕ್ಕದಲ್ಲಿ ನಿಂತು ನೋಡಿದೆ. ಹೆಸರು ಬರೆದರು. ಒಂದು ಕೆಜಿ ಕಳೆದರು.

ಮಾವ ರಾತ್ರಿ ಊಟಕ್ಕೆ ಕೂತಾಗ, ‘ಅರ್ಧ ಕೆಜಿ ಲೆಕ್ಕದಲ್ಲಿ ಈ ವಾರ ನಂಗೆ ಎಷ್ಟು ಹೋಯ್ತು ಗೊತ್ತಾ?’ ಅಂದರು. ಗೊತ್ತಿತ್ತಂತೆ ಮೊದಲ ದಿನದಿಂದ. ‘ಹೋಗ್ಲಿ ಬಿಡು, ನಿನ್ ಸಂಬಳ ಅಂದ್ಕಳ್ತೀನಿ.’ ಎಲ್ಲರೂ ನಕ್ಕರು. ನಾನೂ.

ಜನವರಿ 2, ಮೂಡಿಗೆರೆ

ಮನೆಗೆ ಬಂದೆ. ಘಟಶ್ರಾದ್ಧದ ಬಗ್ಗೆ ಓದುತ್ತಿದ್ದೆ. 1977ರ ಚಿತ್ರ, ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ನಲವತ್ತೇಳು ವರ್ಷ. ಅಷ್ಟು ಹೊತ್ತಿಗೆ ಮಲೆನಾಡಿನ ಆ ಅಗ್ರಹಾರಗಳಲ್ಲಿ ನೊಂದುಕೊಳ್ಳುವವರು ಯಾರು ಉಳಿದಿರುತ್ತಾರೆ? ಕಾಯ್ದರೆ ಚಿತ್ರಕ್ಕೆ ನಷ್ಟವಿಲ್ಲ. ಕಾಯೋದು ನನಗೂ ಇಷ್ಟ. ಅದೇ ಅನುಮಾನ.

ಹೆಸರುಗಳ ಪಟ್ಟಿ ತೆರೆದು ಅಜ್ಜಿಯ ಹೆಸರು ತೆಗೆದೆ. ಆ ಸಾಲು ಖಾಲಿ ಬಿಟ್ಟೆ. ‘ಅಜ್ಜಿ’ ಅಂತ ಪಾತ್ರದ ಹೆಸರು, ಎದುರಿಗೆ ಏನೂ ಇಲ್ಲ. ತಾಂತ್ರಿಕ ದೋಷ ಅಂದುಕೊಳ್ಳುತ್ತಾರೇನೋ.

ಕಥಾಸಾರ ಒಂದೇ ಏಟಿಗೆ ಬಂತು. ‘ಹಾಜರಿಯಲ್ಲಿ ಹೆಸರಿಲ್ಲದ ಮುದುಕಿಯೊಬ್ಬಳು ದಿನಾ ಹಾಜರಾಗುತ್ತಾಳೆ.’ ಸಾಕು.

ಜನವರಿ 3, ರಾತ್ರಿ 11

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯ ಫೈಬರ್ ಕನೆಕ್ಷನ್ನಿನಲ್ಲಿ ಅಪ್‌ಲೋಡು. ಎಪ್ಪತ್ತೊಂದು ಪ್ರತಿಶತಕ್ಕೆ ಕರೆಂಟು ಹೋಯ್ತು. ಹುಡುಗ, ‘ನಾಳೆ ಮಾಡಣ ಮೇಡಂ’ ಅಂದ. ಬೇಡ, ಇವತ್ತೇ ಅಂದೆ. ಯುಪಿಎಸ್ ಮೇಲೆ ಮತ್ತೆ ಮೊದಲಿಂದ.

ಡಬ್ ಮಾಡಿಸಲಿಲ್ಲ. ಐನೂರು ಹಾಗೇ ಇದೆ. ನನಗೆ ನೆನಪಿರೋದು ಐನೂರು. ಹತ್ತು ವರ್ಷದವಳ ಕಿವಿಗೆ ಬಿದ್ದಿದ್ದು ಅದು. ತಪ್ಪೇ ಇರಬಹುದು. ಚಿತ್ರ ಅವಳದ್ದು.

ಕಳಿಸಿದೆ. ಕನ್ನಡ ಸ್ಪರ್ಧಾ ವಿಭಾಗ.

ಮಾವನಿಗೆ ಮೆಸೇಜು: ‘ಕಳಿಸಿದೆ ಮಾವ.’ ತಕ್ಷಣ ಉತ್ತರ ಬಂತು, ಅವರು ಇಷ್ಟು ಹೊತ್ತು ಎದ್ದಿರುವವರೇ ಅಲ್ಲ. ‘ಶೋ ಯಾವತ್ತು? ತೋಟದ ಜನಕ್ಕೆಲ್ಲ ಒಂದ್ ಬಸ್ ಮಾಡ್ಸಣ.’ ಸರಿ ಮಾಡಿದೆಯಾ ಅಂತ ಕೇಳಿಲ್ಲ. ಮಾಡಿದ್ದಾಳೆ ಅಂತಲೇ ನಂಬಿದ್ದಾರೆ.

ಜನವರಿ 4

ಅಮ್ಮ ತರಕಾರಿ ಹೆಚ್ಚುತ್ತ, ತಲೆ ಎತ್ತದೆ:

‘ಕಳ್ಸಿದ್ಯಾ?’

‘ಕಳ್ಸಿದೆ.’

‘ಎಷ್ಟು ಅಂತ ಇಟ್ಟಿದೀಯ ಅದ್ರಲ್ಲಿ?’

‘ಐನೂರು.’

ಎರಡು ಬೀನ್ಸ್ ಹೆಚ್ಚಿದಳು.

‘ಸಾವಿರ ಕಣೇ ಅದು. ಜೀಪು ಹೊರಡೋಕೆ ಮುಂಚೆ ನಾನೇ ಎಣಿಸಿ ಅಣ್ಣನ ಕೈಗೆ ಕೊಟ್ಟಿದ್ದು.’

ಅರ್ಜಿ ತಿದ್ದಲು ಬರುತ್ತಾ ನೋಡಬೇಕು. ಬಂದರೂ ಎಷ್ಟು ಅಂತ ಹಾಕೋದು?